7ನೇ ತರಗತಿಯ ಲೀಡರ್ ಆಯ್ಕೆ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮೂಡಲ್‌ನಲ್ಲಿ, ಅಂದರೆ ಮಕ್ಕಳು ಲಾಗಿನ್ ಆಗಿ ಬಳಸುವ ಆನ್‌ಲೈನ್ ಕಲಿಕೆಯ ತಾಣದಲ್ಲಿ, ಲೀಡರ್ ಆಯ್ಕೆ ಆದಾಗಿನಿಂದ ನನ್ನ ಫೋನಿಗೆ ಬಿಡುವಿಲ್ಲ. ಕೆಲವರು ಬೇಸರದಿಂದ ಮಾತಾಡಿದರು, ಕೆಲವರು ಸಿಟ್ಟಿನಿಂದ. ಒಬ್ಬೊಬ್ಬರಿಗೆ ಒಂದೊಂದು ಹೇಳಿ ಗೊಂದಲ ಮಾಡುವುದು ಬೇಡ ಅಂತ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು. ಮೂಡಲ್‌ನಲ್ಲಿ ‘ಚಾಯ್ಸ್’ ಎಂಬ ಚಟುವಟಿಕೆ ಇದೆ. ಒಂದು ಪ್ರಶ್ನೆ, ಕೆಳಗೆ ನಾಲ್ಕಾರು ಆಯ್ಕೆ, ಒಂದನ್ನು ಒತ್ತಿದರೆ ಮುಗಿಯಿತು. ವಿಜ್ಞಾನ ಪ್ರಾಜೆಕ್ಟಿನ ಗುಂಪು ಮಾಡುವಾಗ ಅದನ್ನು ಬಳಸಿದ್ದೆವು. ಯಾರು ಯಾವ ಗುಂಪಿಗೆ ಸೇರಿದರು ಎಂದು ಆಗ ಎಲ್ಲರಿಗೂ ಗೊತ್ತಾಗಬೇಕಿತ್ತು. ಹಾಗಾಗಿ ಉತ್ತರ ಕೊಟ್ಟ ಕೂಡಲೇ ಫಲಿತಾಂಶ ಹೆಸರು ಸಮೇತ ಕಾಣುವಂತೆ ಇಟ್ಟಿದ್ದೆವು. ಲೀಡರ್ ಆಯ್ಕೆಗೆ ಅದನ್ನೇ ನಕಲು ಮಾಡಿ ಪ್ರಶ್ನೆ ಮಾತ್ರ ಬದಲಿಸಿದೆವು. ಸೆಟ್ಟಿಂಗ್ ಹಾಗೇ ಉಳಿದುಬಿಟ್ಟಿತು. ವೋಟು ಹಾಕಿದ ಪ್ರತಿ ಮಗುವಿಗೂ ಯಾರು ಯಾರಿಗೆ ಹಾಕಿದ್ದಾರೆ ಅನ್ನುವುದು ಕಂಡಿತು. ರಾತ್ರಿಯೊಳಗೆ ಸ್ಕ್ರೀನ್‌ಶಾಟ್‌ಗಳು ಮನೆಮನೆ ತಲುಪಿದವು. ಒಂದು ಮಗುವಿಗೆ ತನ್ನ ವೋಟು ಬಿಟ್ಟರೆ ಇನ್ನೊಂದು ಬಿದ್ದಿರಲಿಲ್ಲ. ಆ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ.

ಹಾಗಂತ ವೋಟೇ ಬೇಡ, ಟೀಚರೇ ಲೀಡರನ್ನು ಆರಿಸಲಿ ಅನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ಎಡವಿದ್ದು ನಾವು, ಮಕ್ಕಳಲ್ಲ.

ಇನ್ನೊಂದು ಬೇಡಿಕೆ ಇದಕ್ಕಿಂತ ಜಾಸ್ತಿ ಬಂದಿದೆ. ಮಕ್ಕಳಿಗೆ ತೋರಿಸಬೇಡಿ ಸರಿ, ಪೋಷಕರಿಗಾದರೂ ಪಟ್ಟಿ ಕೊಡಿ ಅನ್ನುವುದು. ಕೊಡಲು ಆಗುವುದಿಲ್ಲ. ಎಣಿಕೆ ಸರಿಯಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕಾಗಿ ಇಬ್ಬರು ಪೋಷಕರು ಬಂದು ಪಕ್ಕದಲ್ಲೇ ಕೂತು ಒಟ್ಟು ಸಂಖ್ಯೆ ನೋಡಲಿ. ಸೋತವರ ಕಡೆಯವರೇ ಬಂದರೆ ಇನ್ನೂ ಒಳ್ಳೆಯದು. ಆದರೆ ಯಾರ ವೋಟು ಯಾರಿಗೆ ಅನ್ನುವುದು ಬೇರೆ ಮಾತು. ನಿಮ್ಮ ಮಗನ ಗೆಳೆಯ ನಿಮ್ಮ ಮಗನಿಗೆ ಹಾಕಲಿಲ್ಲ ಎಂದು ನಿಮಗೆ ಗೊತ್ತಾದರೆ ಮುಂದಿನ ಹುಟ್ಟುಹಬ್ಬಕ್ಕೆ ಅವನನ್ನು ಮೊದಲಿನ ಹಾಗೇ ಕರೆಯುತ್ತೀರಾ? ನಿಮ್ಮ ಮೇಲೆ ಅನುಮಾನ ಪಟ್ಟು ಕೇಳುತ್ತಿಲ್ಲ. ನಾನೂ ಎರಡು ಮಕ್ಕಳ ಅಪ್ಪ, ನನಗೇ ಆಗುತ್ತಿರಲಿಲ್ಲ. ಅದಕ್ಕೇ ಪಟ್ಟಿ ಯಾರಿಗೂ ಇಲ್ಲ, ನನಗೂ ಇಲ್ಲ.

‘ನನಗೂ ಇಲ್ಲ’ ಅಂದದ್ದು ಸುಮ್ನೆ ಅಲ್ಲ. ಚಾಯ್ಸ್‌ನಲ್ಲಿ ಹೆಸರಿಲ್ಲದೆ ಫಲಿತಾಂಶ ತೋರಿಸಬಹುದು, ಆದರೆ ಹೆಸರು ಮರೆಯಾಗುವುದು ಮಕ್ಕಳಿಂದ ಮಾತ್ರ. ಟೀಚರ್‌ಗೆ ಆಗಲೂ ಕಾಣುತ್ತದೆ. ಗುಪ್ತ ಮತದಾನ ಅಂತ ಮಕ್ಕಳಿಗೆ ಹೇಳಿ ನಾವು ಇಣುಕುವುದು ಸರಿಯಲ್ಲ, ಅಲ್ವಾ? ಹಾಗಾಗಿ ಇನ್ನು ಮುಂದೆ ಲೀಡರ್ ಆಯ್ಕೆಗೆ ಮೂಡಲ್‌ನಲ್ಲೇ ಇರುವ ‘ಫೀಡ್‌ಬ್ಯಾಕ್’ ಚಟುವಟಿಕೆ. ಅದನ್ನು ಅನಾಮಧೇಯ ಎಂದು ಇಟ್ಟರೆ ಟೀಚರ್ ನೋಡುವ ಪುಟದಲ್ಲೂ ಉತ್ತರದ ಜೊತೆ ಹೆಸರು ಬರುವುದಿಲ್ಲ. ಒಂದು ಲಾಗಿನ್‌ಗೆ ಒಂದೇ ವೋಟು. ಇದರಲ್ಲಿ ಒಂದು ತೊಂದರೆ ಇದೆ, ಈಗಲೇ ಹೇಳಿಬಿಡುತ್ತೇನೆ. ಕೈತಪ್ಪಿ ಬೇರೆ ಹೆಸರು ಒತ್ತಿದರೆ, ಚಾಯ್ಸ್‌ನಲ್ಲಿ ಆ ಮಗುವಿನ ಉತ್ತರವನ್ನು ಟೀಚರ್ ಅಳಿಸಿ ಮತ್ತೆ ಅವಕಾಶ ಕೊಡಬಹುದಿತ್ತು. ಇಲ್ಲಿ ಯಾವುದು ಯಾರದು ಎಂದೇ ತಿಳಿಯದ ಮೇಲೆ ಯಾವುದನ್ನು ಅಳಿಸುವುದು?

ನಾನು ಸಮಾಜ ಪಾಠ ಮಾಡುವವನು, ಒಂದು ಅಡ್ಡ ಮಾತಿಗೆ ಕ್ಷಮಿಸಿ. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ, ಗುಟ್ಟಾಗಿ ಗುರುತು ಹಾಕುವ ಪದ್ಧತಿ ಎಲ್ಲ 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಾನೂನಾಯಿತು. ಈ ಮೂಡಲ್ ಕೂಡ ಅದೇ ದೇಶದ್ದು. ಪರ್ತ್‌ನ ಮಾರ್ಟಿನ್ ಡೂಜಿಯಾಮಸ್ 2002ರಲ್ಲಿ ಅದರ ಮೊದಲ ಆವೃತ್ತಿ ಹೊರತಂದರು. ನಾವು ಮಾತ್ರ ಎರಡನ್ನೂ ಸೇರಿಸುವಾಗ ಗುಟ್ಟನ್ನೇ ಬಿಟ್ಟೆವು.

ಈಗ ನಿಮ್ಮ ಕಡೆಯ ವಿಷಯ. ‘ನಾನೇ ಪಕ್ಕದಲ್ಲಿ ಕೂತು ಹಾಕಿಸಿದೆ ಸಾರ್’ ಎಂದು ಹೆಮ್ಮೆಯಿಂದ ಹೇಳಿದವರು ಒಬ್ಬರಿಬ್ಬರಲ್ಲ. ಪ್ರೀತಿಯಿಂದಲೇ ಮಾಡಿದ್ದೀರಿ, ಗೊತ್ತು. ಪರದೆಯ ಮೇಲೆ ಬಿದ್ದ ಬೆರಳು ಯಾರದು ಎಂದು ಮೂಡಲ್‌ಗೆ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಲಾಗಿನ್ ಆಗಲು ಸಹಾಯ ಬೇಕಾದರೆ ಮಾಡಿ. ಯಾರು ಒಳ್ಳೆಯ ಲೀಡರ್ ಆಗಬಹುದು ಅಂತ ಊಟದ ಹೊತ್ತಿಗೆ ಮಾತಾಡಿ, ತಪ್ಪೇನಿಲ್ಲ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಹೆಸರು ಒತ್ತುವ ಆ ಎರಡು ನಿಮಿಷ ಮಾತ್ರ ದಯವಿಟ್ಟು ಪಕ್ಕದಿಂದ ಎದ್ದು ಹೋಗಿ.

ಹಿಂದಿನ ಫಲಿತಾಂಶ ರದ್ದಾಗಿದೆ. ಗುರುವಾರ ಸಂಜೆ 6ರಿಂದ 8ರವರೆಗೆ ಮತ್ತೆ ವೋಟು. ಅವಧಿ ಮುಗಿದ ಮೇಲೆ ತೆರೆಯುವುದಿಲ್ಲ, ಯಾರ ಫೋನ್ ಬಂದರೂ. ಶುಕ್ರವಾರ ಬೆಳಿಗ್ಗೆ ಗೆದ್ದವರ ಹೆಸರು ಮಾತ್ರ ಹೇಳುತ್ತೇವೆ, ಯಾರಿಗೆ ಎಷ್ಟು ಬಿತ್ತು ಎಂದು ತರಗತಿಯಲ್ಲಿ ಓದುವುದಿಲ್ಲ. ಈ ಸಲ ನಿಲ್ಲುವುದು ಬೇಡ ಅನ್ನುವ ಮಕ್ಕಳು ಬುಧವಾರದೊಳಗೆ ಕ್ಲಾಸ್ ಟೀಚರ್‌ಗೆ ಹೇಳಲಿ, ಕಾರಣ ಕೇಳುವುದಿಲ್ಲ. ಎಣಿಕೆ ನೋಡಲು ಬರುವ ಇಬ್ಬರು ಪೋಷಕರು ಆಫೀಸಿನಲ್ಲಿ ಹೆಸರು ಕೊಡಿ. ಪಾಸ್‌ವರ್ಡ್ ಮರೆತಿದ್ದರೆ ಗುರುವಾರ ಸಂಜೆವರೆಗೆ ಕಾಯಬೇಡಿ, ಇವತ್ತೇ ತಿಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ