ಅಜ್ಜನ ಕಾಲು ಮೊದಲು ತೋರಿಸಿ

ಅಯೋವಾ, ಅಮೆರಿಕ,
ಅಕ್ಟೋಬರ್, ಶನಿವಾರ ಬೆಳಗ್ಗೆ

ಅವ್ವ, ಅಪ್ಪ, ಇಬ್ಬರಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ಊಟ, ನಿದ್ದೆ, ಓದು ಎಲ್ಲ ಸರಿಯಾಗಿ ನಡೆದಿದೆ.

ಮಂಜು ನೋಟ್‌ಬುಕ್ ಹಾಳೆಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದ ಪತ್ರ ಮೊನ್ನೆ ರಾತ್ರಿ ಓದಿದೆ. ಅವನನ್ನು ಬೈಯಬೇಡಿ. ಗದ್ದೆಯ ಬದುವಿನ ಮೇಲೆ ಅಜ್ಜನ ಕಾಲಿಗೆ ಜಾಲಿಮುಳ್ಳು ಚುಚ್ಚಿದ್ದು, ದಸರೆ ಮುಗಿದರೂ ಆ ಗಾಯ ಒಣಗದೇ ಇರುವುದು, ಅವನು ಬರೆದ ಮೇಲೇ ನನಗೆ ಗೊತ್ತಾಯಿತು. ಫೋನ್ ಮಾಡಿದಾಗಲೆಲ್ಲ ‘ಅಜ್ಜ ಗದ್ದಿಗೆ ಹೋಗ್ಯಾನ’ ಅಂತಲೇ ಹೇಳಿದಿರಿ. ಇಲ್ಲಿ ಬೆಳಗ್ಗೆ 7 ಅಂದರೆ ಅಲ್ಲಿ ಸಂಜೆ ಐದೂವರೆ. ಆ ಹೊತ್ತಿಗೆ ಅಜ್ಜ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾನೆ ಅಂತ ನನಗೆ ಗೊತ್ತಿಲ್ಲವಾ?

ಮಾತಿನಲ್ಲಿ ಕೇಳಿದರೆ ವಿಷಯ ತಿರುಗಿಸುತ್ತೀರಿ. ಅದಕ್ಕೇ ನಾನೂ ಬರೆದೇ ಕಳಿಸುತ್ತಿದ್ದೇನೆ. ಇದನ್ನು ಮಂಜು ಅಜ್ಜನ ಮುಂದೆ ಕೂತು ಜೋರಾಗಿ ಓದಲಿ.

ಅವ್ವ, ನೀನು ಶಾಲೆ ಹೇಗಿದೆ ಅಂತ ಕೇಳಿದ್ದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಹಳದಿ ಬಸ್ಸು ಮನೆ ಮುಂದೆಯೇ ಬರುತ್ತದೆ. ಅದು ನಿಂತು, ಕೆಂಪು ದೀಪ ಹಾಕಿ, ಪಕ್ಕದಿಂದ ‘ನಿಲ್ಲಿ’ ಅನ್ನುವ ಬೋರ್ಡು ಚಾಚಿದರೆ ಮುಗಿಯಿತು. ಹಿಂದೆ ಬರುವವರು, ಎದುರು ಬರುವವರು, ಎಲ್ಲರೂ ನಿಲ್ಲಲೇಬೇಕು. ಒಂದು ಮಗು ಬಸ್ಸು ಹತ್ತುವುದಕ್ಕೆ ದೊಡ್ಡ ದೊಡ್ಡ ಲಾರಿಗಳು ಕಾಯುತ್ತವೆ. ನಮ್ಮ ಕಂಪ್ಲಿ ರಸ್ತೆಯಲ್ಲಿ ಹೀಗಾದರೆ ಎಷ್ಟು ಚೆಂದ ಅಲ್ವಾ. 16 ತುಂಬಿದ ಎಷ್ಟೋ ಮಕ್ಕಳು ತಾವೇ ಕಾರು ಓಡಿಸಿಕೊಂಡು ಶಾಲೆಗೆ ಬರುತ್ತಾರೆ. ನಮ್ಮಂತೆ ವಿದ್ಯಾರ್ಥಿ ವಿನಿಮಯದಲ್ಲಿ ಬೇರೆ ದೇಶದಿಂದ ಬಂದವರಿಗೆ ಅದಕ್ಕೆ ಅನುಮತಿ ಇಲ್ಲ. ನೀನು ಹೆದರಬೇಡ.

ಇಲ್ಲಿ ಮೇಷ್ಟ್ರು ಕ್ಲಾಸಿಗೆ ಬರುವುದಿಲ್ಲ. ಗಂಟೆ ಹೊಡೆದಾಗ ನಾವೇ ಪುಸ್ತಕ ಎತ್ತಿಕೊಂಡು ಅವರ ಕೋಣೆಗೆ ಓಡಬೇಕು. ಸೈನ್ಸ್, ಆರ್ಟ್ಸ್, ಕಾಮರ್ಸ್ ಅಂತ ಬೇರೆ ಮಾಡಿಲ್ಲ. ನಾನು ಕೆಮಿಸ್ಟ್ರಿ, ಗಣಿತ, ಅಮೆರಿಕದ ಇತಿಹಾಸದ ಜೊತೆಗೆ ಹಾಡಿನ ಕ್ಲಾಸು, ಕೃಷಿ ಕ್ಲಾಸು ತಗೊಂಡಿದ್ದೇನೆ. ಹಾಡಿಗೂ ಮಾರ್ಕ್ಸ್ ಇದೆ! ಗಣಿತದಲ್ಲಿ ಈಗ ನಡೆಯುತ್ತಿರುವ ಟ್ರಿಗೊನೊಮೆಟ್ರಿ ನಮಗೆ ಎಸ್‌ಎಸ್‌ಎಲ್‌ಸಿಯಲ್ಲೇ ಆಗಿಹೋಗಿತ್ತು. ಮೇಡಂ ನನ್ನನ್ನೇ ಬೋರ್ಡಿಗೆ ಕರೆದರು. ನಮ್ಮ ಹೈಸ್ಕೂಲಿನ ಗಣಿತದ ಸರ್‌ಗೆ ಇದನ್ನು ತಪ್ಪದೇ ಹೇಳಿ, ಖುಷಿಪಡುತ್ತಾರೆ.

ಶಾಲೆಯ ಊಟಕ್ಕೆ ಇಲ್ಲಿ 1946ರಲ್ಲೇ ಕಾನೂನು ಮಾಡಿದ್ದಾರೆ. ಆದರೂ ನಮ್ಮ ಶಾಲೆಯಲ್ಲಿ ಬಹಳ ಮಕ್ಕಳು ದುಡ್ಡು ಕೊಟ್ಟೇ ಉಣ್ಣಬೇಕು. ಆದಾಯ ಕಡಿಮೆ ಇರುವ ಮನೆಯವರಿಗೆ ಮಾತ್ರ ಪುಕ್ಕಟೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಎಲ್ಲರಿಗೂ ಬಿಸಿಯೂಟ ಇದೆ, 2002ರಲ್ಲಿ ಕರ್ನಾಟಕದಲ್ಲಿ ಅದು ಮೊದಲು ಶುರುವಾದದ್ದೇ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಅಂತ ಹೇಳಿದೆ. ಒಂದೇ ಸಾಲಿನಲ್ಲಿ ಕೂತು ಎಲ್ಲರೂ ಅದೇ ಅನ್ನ ಸಾಂಬಾರು ತಿನ್ನುತ್ತೇವೆ ಅಂದಾಗ ನನ್ನ ಟೇಬಲ್ಲಿನವರು ಬೆರಗಾದರು. ನನಗೆ ಹೆಮ್ಮೆಯಾಯಿತು. ಮಾಂಸ ಇಲ್ಲದ್ದೂ ಸಿಗುತ್ತದೆ, ಹೊಟ್ಟೆ ತುಂಬ ತಿನ್ನುತ್ತೇನೆ.

ಹೋಮ್‌ಕಮಿಂಗ್ ಅಂತ ಒಂದು ವಾರ ಹಬ್ಬ ನಡೆಯಿತು. ಹಳೆಯ ವಿದ್ಯಾರ್ಥಿಗಳೆಲ್ಲ ಬರುತ್ತಾರೆ. ಒಂದು ದಿನ ಎಲ್ಲರೂ ರಾತ್ರಿ ಮಲಗುವ ಬಟ್ಟೆಯಲ್ಲೇ ಶಾಲೆಗೆ ಬಂದರು, ಮೇಷ್ಟ್ರುಗಳೂ ಹಾಗೇ! ಶುಕ್ರವಾರ ರಾತ್ರಿ ಫುಟ್‌ಬಾಲ್, ಬ್ಯಾಂಡು. ಊರಿಗೆ ಊರೇ ಮೈದಾನದಲ್ಲಿತ್ತು. ಎಷ್ಟು ಜನ ನೋಡು ಅಂತ ನನಗೆ ತೋರಿಸಿದರು. ನಾನು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವ ಫೋಟೋ ತೋರಿಸಿದೆ.

ನಾನು ಸೇರಿದ ಕ್ಲಬ್ಬು ಎಫ್‌ಎಫ್‌ಎ. ಒಕ್ಕಲುತನ ಕಲಿಯುವ ಮಕ್ಕಳ ಸಂಘ. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಶುರುವಾಯಿತಂತೆ. 1969ರವರೆಗೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಈಗ ನಮ್ಮ ಶಾಲೆಯ ಸಂಘಕ್ಕೆ ಹುಡುಗಿಯೇ ಅಧ್ಯಕ್ಷೆ. ಕಾರ್ಯಕ್ರಮಕ್ಕೆ ನೀಲಿ ಜಾಕೆಟ್ಟು ಹಾಕುತ್ತಾರೆ, ಎದೆಯ ಮೇಲೆ ಅವರವರ ಹೆಸರು, ಬೆನ್ನ ಮೇಲೆ ರಾಜ್ಯದ ಹೆಸರು. ಒಬ್ಬೊಬ್ಬರೂ ಕುರಿಯೋ ಹಂದಿಯೋ ಮೆಕ್ಕೆಜೋಳವೋ ಏನಾದರೊಂದು ಬೆಳೆಸುತ್ತಾರೆ. ಮೇವಿಗೆ ಎಷ್ಟು ಹೋಯಿತು, ಮಾರಿದರೆ ಎಷ್ಟು ಬಂತು, ಎಲ್ಲ ಲೆಕ್ಕ ಬರೆದಿಡಬೇಕು. ಅಜ್ಜ, ಇದು ನಿನಗೆ. ನಿಮ್ಮ ಮನೆಯಲ್ಲಿ ಏನು ಬೆಳೆಯುತ್ತೀರಿ ಅಂತ ನನ್ನನ್ನು ಕೇಳಿದರು. ಈ ಕಡೆ ಭತ್ತವೇ ಕಾಣುವುದಿಲ್ಲ, ಎಲ್ಲಿ ನೋಡಿದರೂ ಮೆಕ್ಕೆಜೋಳ, ಸೋಯಾ. ಸಸಿಮಡಿ ಮಾಡುವುದು, ನಾಟಿ, ತುಂಗಭದ್ರಾ ಎಡದಂಡೆ ಕಾಲುವೆಗೆ ಯಾವಾಗ ನೀರು ಬಿಡುತ್ತಾರೆ ಅಂತ ಕಾಯುವುದು, ಎಲ್ಲವನ್ನೂ ಚಿತ್ರ ಬರೆದು ಹೇಳಿದೆ. ಎಲ್ಲ ನೀನು ಹೇಳಿಕೊಟ್ಟದ್ದೇ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಹೋದ ವಾರ ಗೆಳತಿಯ ಮನೆಗೆ ಕುರಿಗಳ ಗೊರಸು ಕತ್ತರಿಸಲು ಹೋಗಿದ್ದೆವು. ಅವಳು ಒಂದೊಂದು ಕುರಿಯನ್ನೂ ಹಿಡಿದು, ನಾಲ್ಕೂ ಕಾಲು ಎತ್ತಿ, ಸಂದಿಯ ಮಣ್ಣು ತೆಗೆದು, ಮೂಸಿ ನೋಡುತ್ತಾಳೆ. ಕೆಟ್ಟ ವಾಸನೆ ಬಂದರೆ ಕೊಳೆತ ಶುರುವಾಗಿದೆ ಅಂತ ಅರ್ಥ. ಕುಂಟುವ ತನಕ ಕಾಯಬಾರದು ಅಂದಳು. ಮಂಜುವಿನ ಪತ್ರ ಓದುವಾಗ ನನಗೆ ಅದೇ ಕಣ್ಣಿಗೆ ಬಂತು. ಅವ್ವ, ನಮ್ಮ ಅಜ್ಜನ ಕಾಲನ್ನು ಯಾರಾದರೂ ಎತ್ತಿ ನೋಡಿದ್ದೀರಾ? ಬೆರಳ ಸಂದಿ, ಅಂಗಾಲು?

ನನ್ನ ಕ್ಲಾಸಿನ ಒಬ್ಬಳಿಗೆ ಚಿಕ್ಕಂದಿನಿಂದಲೂ ಶುಗರ್ ಇದೆ. ತೋಳಿಗೆ ಒಂದು ಸಣ್ಣ ಸೆನ್ಸರ್ ಅಂಟಿಸಿಕೊಂಡಿದ್ದಾಳೆ. ಶುಗರ್ ಎಷ್ಟಿದೆ ಅಂತ ಫೋನಿನಲ್ಲೇ ಕಾಣುತ್ತದೆ. ಮಧ್ಯಾಹ್ನ ಶಾಲೆಯ ನರ್ಸ್ ಕೋಣೆಗೆ ಹೋಗಿ ಇನ್ಸುಲಿನ್ ತಗೊಂಡು ಬಂದು ಊಟ ಮಾಡುತ್ತಾಳೆ. ನಮ್ಮ ಅಜ್ಜನಿಗೂ ಶುಗರ್ ಇದೆ, ಆದರೆ ಅವನು ಪರೀಕ್ಷೆಗೆ ಅಂತ ರಕ್ತ ಕೊಟ್ಟದ್ದು ಯುಗಾದಿಯ ಹೊತ್ತಿಗೆ, ಆಮೇಲೆ ಇಲ್ಲ. ನಿನ್ನೆ ಆ ನರ್ಸ್ ಹತ್ತಿರ ಹೋಗಿ ಎಲ್ಲ ಕೇಳಿದೆ. ಶುಗರ್ ಜಾಸ್ತಿ ದಿನ ಹೆಚ್ಚಿದ್ದರೆ ಕಾಲಿನ ನರಗಳು ಕೆಡುತ್ತವೆ, ಆಗ ನೋವೇ ಗೊತ್ತಾಗುವುದಿಲ್ಲ. ರಕ್ತವೂ ಪಾದಕ್ಕೆ ಸರಿಯಾಗಿ ಹೋಗುವುದಿಲ್ಲ, ಗಾಯ ಒಣಗುವುದಿಲ್ಲ. ‘ನೋವಿಲ್ಲ, ಬಿಡು’ ಅಂತ ಅಜ್ಜ ಹೇಳುತ್ತಿದ್ದಾನೆ ಅಂತ ಮಂಜು ಬರೆದಿದ್ದಾನೆ. ಆ ಮಾತಿಗೇ ನನಗೆ ಹೆಚ್ಚು ಭಯ ಆಗಿರುವುದು.

ಕಾರಟಗಿ ದೊಡ್ಡ ಮಾವನ ಕಾಲಿನ ಹೆಬ್ಬೆರಳು ತೆಗೆದದ್ದು ನೆನಪಿದೆಯಲ್ಲ? ಅವರದ್ದೂ ಹೀಗೇ ಸಣ್ಣ ಗಾಯ. ಸುಣ್ಣ, ಎಕ್ಕೆ ಹಾಲು ಅಂತ ಹಚ್ಚುತ್ತಾ ಕೂತರು.

ಸೋಮವಾರ ಬೆಳಗ್ಗೆಯೇ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳು ಕಪ್ಪಾಗಿದ್ದರೆ, ಜ್ವರ ಬಂದಿದ್ದರೆ, ಗಾಯ ವಾಸನೆ ಹೊಡೆಯುತ್ತಿದ್ದರೆ ಸೋಮವಾರವೂ ಬೇಡ, ಈ ಪತ್ರ ಓದಿದ ತಕ್ಷಣ ಹೊರಡಿ. ಗಂಗಾವತಿ ಆಸ್ಪತ್ರೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರೆ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಅವತ್ತೇ ಹೋಗಿ. ಬಿಪಿಎಲ್ ಕಾರ್ಡು, ಆಧಾರ್, ಯುಗಾದಿಯ ರಿಪೋರ್ಟು ಜೊತೆಗಿರಲಿ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಅಂತ ಅಪ್ಪ ಬಾಯಿಬಿಟ್ಟು ಕೇಳಲಿ.

ಅಲ್ಲಿಯತನಕ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ರಾತ್ರಿ ಬಿಸಿನೀರಿನಲ್ಲಿ ಕಾಲು ಇಟ್ಟುಕೊಳ್ಳುವುದು ನಿಲ್ಲಲಿ, ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವುದಂತೂ ಬೇಡವೇ ಬೇಡ. ಕೊಯ್ಲು ಹತ್ತಿರ ಬಂದಿದೆ ಅಂತ ಅಜ್ಜ ಕೂಗಾಡುತ್ತಾನೆ. ಕೊಯ್ಲಿಗೆ ಮಿಷನ್ ಬರುತ್ತದೆ, ಕಾಕಾ ಇದ್ದಾರೆ. ಅಜ್ಜ, ಬೀಡಿಯಿಂದಲೂ ಕಾಲಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದಂತೆ. ನನ್ನಾಣೆ, ಅದನ್ನು ಬಿಡು.

ದುಡ್ಡಿಗೆ ಯೋಚನೆ ಮಾಡಬೇಡಿ. ನನ್ನ ಚಳಿ ಕೋಟಿಗೆ ಅಂತ ಅಪ್ಪ ಎತ್ತಿಟ್ಟ ಹಣ ಅಜ್ಜನಿಗೇ ಖರ್ಚಾಗಲಿ. ಮೆತ್ತಗಿನ ಅಡಿಯ ಶುಗರ್ ಚಪ್ಪಲಿ ಸಿಗುತ್ತದೆ, ಡಾಕ್ಟರನ್ನು ಕೇಳಿ ಕೊಡಿಸಿ. ನನಗೆ ಇಲ್ಲಿ ಮನೆಯವರು ದಪ್ಪ ಕೋಟು ಕೊಟ್ಟಿದ್ದಾರೆ. ಕೈಗವಸು ಇದೆ, ಕಾಲುಚೀಲ ಇದೆ, ಮನೆ ಬೆಚ್ಚಗಿದೆ, ಶಾಲೆ ಬೆಚ್ಚಗಿದೆ, ಬಸ್ಸೂ ಬೆಚ್ಚಗಿದೆ. ನನಗೆ ಚಳಿಯೇ ಆಗುವುದಿಲ್ಲ. ಒಂದು ದಿನವೂ ಹುಷಾರು ತಪ್ಪಿಲ್ಲ. ನನ್ನ ಚಿಂತೆ ಒಂಚೂರೂ ಬೇಡ.

ಆಸ್ಪತ್ರೆಯಿಂದಲೇ ಫೋನ್ ಮಾಡಿ. ಅಲ್ಲಿ ಬೆಳಗ್ಗೆ 10 ಅಂದರೆ ಇಲ್ಲಿ ರಾತ್ರಿ ಹನ್ನೊಂದೂವರೆ, ಎದ್ದೇ ಇರುತ್ತೇನೆ. ಡಾಕ್ಟರು ಏನಂದರು ಅಂತ ನನಗೆ ಪೂರ್ತಿ ಹೇಳಬೇಕು, ‘ಆರಾಮ’ ಅಂತ ಮುಗಿಸಬೇಡಿ.

ಗೆಳತಿಯ ಕಾರು ಬಂತು, ಹಾರ್ನ್ ಹಾಕುತ್ತಿದ್ದಾಳೆ. ಗಿರಿಜತ್ತೆಗೆ, ಕಾಕಾಗೆ ನಮಸ್ಕಾರ ಹೇಳಿ. ಉಳಿದದ್ದು ಆಮೇಲೆ.

ನಿಮ್ಮ ಮಗಳು

ಮಂಜು, ಗಾಯದ ಫೋಟೋ ಇವತ್ತೇ ಕಳಿಸು. ಬೆಳಕಿನಲ್ಲಿ ತೆಗೆ. ಬೆರಳ ಸಂದಿಯದ್ದೂ ಬೇಕು.