ಬೇಲಿಗೆ ಕೊಟ್ಟ ಗಡಿಯಾರ

ಪ್ರೀತಿಯ ಮಗೂ,

ನಿನ್ನ ಕಾದಂಬರಿಯ ಮೂರು ಅಧ್ಯಾಯ ತಲುಪಿ ಹದಿನೈದು ದಿನವಾಯಿತು. "ನೀವು ಅನ್ನಬೇಡಿ ಸರ್, ನಿಮ್ಮ ಮಗಳ ವಯಸ್ಸು ನನ್ನದು" ಎಂದು ಬರೆದಿದ್ದೀಯ. ಸರಿ, ನೀನು ಎಂದೇ ಬರೆಯುತ್ತೇನೆ. ಆದರೆ ಬೈಯುವಾಗಲೂ ಅದೇ ಸಲುಗೆ ಇರುತ್ತದೆ, ನೋಡಿಕೋ.

ಎರಡನೇ ಅಧ್ಯಾಯದ ಒಂದು ಮಾತಿಗೆ ನಾನು ಅಲ್ಲೇ ನಿಂತುಬಿಟ್ಟೆ. 1976ನೇ ಇಸವಿ, ಲಂಡನ್ನಿನ ಪೂರ್ವ ಭಾಗ. ಮುದುಕ ಕಳ್ಳ ಪಬ್ಬಿನ ಮೂಲೆಯಲ್ಲಿ ಕೂತು ಹೇಳುತ್ತಾನೆ: "ಆ ಗಡಿಯಾರ ನನ್ನ ಹತ್ತಿರ ಇಲ್ಲ. ನಿನ್ನೆಯೇ ಬೇಲಿಗೆ ಕೊಟ್ಟೆ." ಹೆಂಡತಿಗೆ ಓದಿ ಹೇಳಿದೆ. "ಬೇಲಿಗೆ ಯಾಕೆ ಕೊಟ್ಟ, ದನ ಬರಬಾರದು ಅಂತಲಾ?" ಎಂದಳು. ನಗು ತಡೆಯಲಾಗಲಿಲ್ಲ.

ನಿನ್ನ ತಲೆಯಲ್ಲಿ ಓಡಿದ ಪದ ಫೆನ್ಸ್ ಅಂತ ನನಗೆ ಗೊತ್ತಾಯಿತು. ಕದ್ದ ಮಾಲನ್ನು ಕೊಂಡು, ಕೈ ಬದಲಾಯಿಸಿ ಮಾರುವವನಿಗೆ ಅಲ್ಲಿಯ ಕಳ್ಳರು ಇಟ್ಟ ಹೆಸರು ಅದು. 300 ವರ್ಷದಷ್ಟು ಹಳೆಯದು. ತೋಟದ ಫೆನ್ಸೂ ಈ ಫೆನ್ಸೂ ಎರಡೂ ಡಿಫೆನ್ಸ್ ಎಂಬ ಪದದ ತುಂಡುಗಳೇ. ಒಂದು ಬೆಳೆಯನ್ನು ಕಾಯುತ್ತದೆ, ಇನ್ನೊಂದು ಕಳ್ಳನನ್ನು. ನಿಘಂಟು ನೋಡಿದರೆ ಮೊದಲು ಸಿಗುವುದು ತೋಟದ್ದು. ನೀನು ಅಲ್ಲಿಗೇ ನಿಲ್ಲಿಸಿದೆ.

ನಾಚಿಕೆ ಪಡಬೇಡ. ನನ್ನ ಕಥೆ ಕೇಳು. ಮೂವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಇಂಗ್ಲಿಷ್ ಪತ್ತೇದಾರಿ ಕಥೆ ಅನುವಾದ ಮಾಡಿ ಕೊಡುತ್ತಿದ್ದೆ. ಅದರಲ್ಲೊಬ್ಬ ಐದು ವರ್ಷ 'ಬರ್ಡ್' ಮಾಡಿ ಬಂದಿದ್ದ. ನಾನು "ಐದು ವರ್ಷ ಹಕ್ಕಿ ಸಾಕಿಕೊಂಡಿದ್ದ" ಎಂದು ಬರೆದೆ. ಅಚ್ಚೂ ಆಯಿತು. ಮುಂದಿನ ವಾರ ಒಬ್ಬ ಓದುಗರ ಕಾರ್ಡ್ ಬಂತು: "ಜೈಲಿನಲ್ಲಿ ಯಾವ ಹಕ್ಕಿ ಸಾಕಲು ಬಿಡುತ್ತಾರೆ ಸ್ವಾಮಿ, ಪಾರಿವಾಳವೋ ಗಿಳಿಯೋ?" ಆ ಕಾರ್ಡನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮೇಷ್ಟ್ರ ಬೆತ್ತದ ಹಾಗೆ.

ಆಮೇಲೆ ತಿಳಿಯಿತು, ಅದು ಲಂಡನ್ನಿನ ಪ್ರಾಸದ ಆಟ. ಹಕ್ಕಿ ಹಿಡಿಯಲು ಕೊಂಬೆಗೆ ಸವರುವ ಅಂಟಿಗೆ ಬರ್ಡ್‌ಲೈಮ್ ಅನ್ನುತ್ತಾರೆ. ಲೈಮಿಗೆ ಟೈಮ್ ಪ್ರಾಸ. ಟೈಮ್ ಅಂದರೆ ಜೈಲಿನ ಅವಧಿ. ಇನ್ನು ಪ್ರಾಸ ಇರುವ ತುದಿಯನ್ನೇ ಕತ್ತರಿಸಿ ಎಸೆದರು. ಉಳಿದದ್ದು ಬರೀ ಬರ್ಡ್. ಕೇಳುವವನಿಗೆ ತಲೆಬುಡ ಹತ್ತುವುದಿಲ್ಲ. ಹತ್ತಬಾರದು ಅಂತಲೇ ಮಾಡಿದ್ದು ತಾನೇ? ಟೀ ಲೀಫ್ ಅಂದರೆ ಥೀಫ್. ಹಾಫ್ ಇಂಚ್ ಅಂದರೆ ಪಿಂಚ್, ಅಂದರೆ ಎಗರಿಸುವುದು. ಟಾಮ್ ಅಂದರೆ ಒಡವೆ: ಟಾಮ್‌ಫೂಲರಿಗೆ ಜ್ಯುವೆಲರಿ ಪ್ರಾಸ, ಬಾಲ ಕಟ್. 19ನೇ ಶತಮಾನದ ನಡುವಿನ ಹೊತ್ತಿಗೆ ಲಂಡನ್ನಿನ ಬೀದಿ ವ್ಯಾಪಾರಿಗಳ ಬಾಯಲ್ಲಿ ಈ ಆಟ ಜೋರಾಗಿತ್ತು.

ನಡುವೆ ಒಂದು ಮಾತು. ನಿನ್ನ ಕಳ್ಳ 500 ಪೌಂಡಿಗೆ ಮಂಕಿ ಅನ್ನುತ್ತಾನೆ. ಅದು ಸರಿ. ಆದರೆ ಅಡಿಟಿಪ್ಪಣಿಯಲ್ಲಿ "ಹಿಂದೆ ಭಾರತದ 500 ರೂಪಾಯಿ ನೋಟಿನ ಮೇಲೆ ಮಂಗನ ಚಿತ್ರ ಇತ್ತು, ಅದರಿಂದ ಬಂದ ಪದ" ಎಂದು ಹಾಕಿದ್ದೀಯ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ನೋಟನ್ನು ಮಾತ್ರ ಯಾರೂ ತೋರಿಸಿಲ್ಲ. ಇಲ್ಲಿ ಸರ್ಕಾರ ತಾನೇ ನೋಟು ಹೊರಡಿಸಲು ಶುರು ಮಾಡಿದ್ದು 1861ರ ಕಾಯ್ದೆಯ ಮೇಲೆ. ಮಂಕಿ ಅದಕ್ಕೂ ಹಳೆಯ ಪದ. ಟಿಪ್ಪಣಿ ತೆಗೆದುಹಾಕು. ಬೀದಿಮಾತಿನ (ಸ್ಲ್ಯಾಂಗಿನ) ಹುಟ್ಟಿನ ಕಥೆ ಎಷ್ಟು ಚೆನ್ನಾಗಿದೆಯೋ ಅಷ್ಟು ಅನುಮಾನ ಪಡಬೇಕು.

ಮತ್ತೆ ಬೇಲಿಗೆ ಬರೋಣ, ಯಾಕೆಂದರೆ ನಿನ್ನ ತಪ್ಪಿನಲ್ಲಿ ಒಂದು ಚಂದ ಇದೆ. ಜೊನಾಥನ್ ವೈಲ್ಡ್ ಹೆಸರು ಕೇಳಿದ್ದೀಯಾ? 1720ರ ಸುಮಾರಿನ ಲಂಡನ್. ಈಗಿನ ಹಾಗೆ ಪೊಲೀಸ್ ಪಡೆ ಇಲ್ಲ. ಮನೆಯಲ್ಲಿ ಕಳವಾದರೆ ಜನ ಇವನ ಆಫೀಸಿಗೆ ಹೋಗುತ್ತಿದ್ದರು. ಇವನು ಗಂಭೀರವಾಗಿ ಎಲ್ಲ ಬರೆದುಕೊಂಡು, ಹುಡುಕಿಸುತ್ತೇನೆ ಅನ್ನುತ್ತಿದ್ದ. ನಾಲ್ಕು ದಿನಕ್ಕೆ ವಸ್ತು ವಾಪಸ್. ಇವನಿಗೆ ಬಹುಮಾನ. ಹುಡುಕಲು ಕಷ್ಟವೇನಿತ್ತು, ಕದ್ದವರು ಇವನ ಹುಡುಗರೇ! ಮಾತು ಕೇಳದವರನ್ನು ತಾನೇ ಹಿಡಿದುಕೊಟ್ಟು ನೇಣಿಗೆ ಹಾಕಿಸುತ್ತಿದ್ದ. ಕಳ್ಳರನ್ನು ಹಿಡಿಯುವವರ ಜನರಲ್ ಅಂತ ಬಿರುದು ಬೇರೆ. ಕೊನೆಗೆ ಸಿಕ್ಕಿಬಿದ್ದದ್ದು ಒಂದಿಷ್ಟು ಲೇಸಿನ ಕಳವಿನಲ್ಲಿ. ಕದ್ದ ಆರೋಪ ನಿಲ್ಲಲಿಲ್ಲ. ಮಾಲು ವಾಪಸ್ ಕೊಡಿಸಲು 10 ಗಿನಿ (ಚಿನ್ನದ ನಾಣ್ಯ) ತೆಗೆದುಕೊಂಡದ್ದು ನಿಂತಿತು. 1725ರ ಮೇ 24ರಂದು, ಲಂಡನ್ನಿನ ನೇಣುಗಂಬದ ಜಾಗವಾದ ಟೈಬರ್ನ್‌ನಲ್ಲಿ ನೇಣು.

ಇಂಥವನಿಗೆ ಕನ್ನಡದಲ್ಲಿ ಏನನ್ನುತ್ತೇವೆ? ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತೇವೆ. ನೋಡು, ಅವರ ಫೆನ್ಸೂ ನಮ್ಮ ಬೇಲಿಯೂ ಒಬ್ಬನ ಮೈಮೇಲೆ ಬಂದು ಕೂತವು. ಇದು ಬರೀ ಕಾಕತಾಳೀಯ. ಆದರೂ ಬರೆಯುವವರು ಇಂಥದ್ದನ್ನು ಕಂಡರೆ ಬಿಡಬಾರದು. ಅವನ ಅಸ್ಥಿಪಂಜರ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಮ್ಮಿನವರ ಸಂಗ್ರಹದಲ್ಲಿದೆ. ನೀನು ಅಲ್ಲೇ ಇದ್ದೀಯಲ್ಲ, ಒಂದು ದಿನ ಹೋಗಿ ವಿಚಾರಿಸು.

ಅಲ್ಲಿನ ಕಾನೂನಿಗೂ ಬೇಲಿಯ ಮೇಲೆ ಜಾಸ್ತಿ ಸಿಟ್ಟು. 1968ರ ಕಳವು ಕಾಯ್ದೆಯಲ್ಲಿ ಕದ್ದ ಮಾಲನ್ನು ದಾಟಿಸುವವನಿಗೆ 14 ವರ್ಷದವರೆಗೂ ಶಿಕ್ಷೆ ಇದೆ, ಕಳ್ಳನಿಗಿಂತ ಹೆಚ್ಚು. ನಿನ್ನ ಮುದುಕನಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಪಬ್ಬಿನಲ್ಲಿ ಅವನು "ಕದ್ದ ಮಾಲು" ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. "ಲಾರಿ ಹಿಂದಿನಿಂದ ಬಿತ್ತು" ಅನ್ನುತ್ತಾನೆ, ಅಷ್ಟೇ. ಇದನ್ನು ನೀನು ಹಾಗೆಯೇ ಇಟ್ಟಿದ್ದೀಯ, ಚೆನ್ನಾಗಿದೆ. ಕೆಲವು ಮಾತು ನೇರವಾಗಿ ತಂದರೂ ಕಣ್ಣು ಮಿಟುಕಿಸುತ್ತವೆ.

ನಾನು ಚಿಕ್ಕವನಿದ್ದಾಗ ಬೆಂಗಳೂರಿನ ಪೇಟೆಯ ಒಂದು ಗಲ್ಲಿಯಲ್ಲಿ, ಭಾನುವಾರ ಬೆಳಗ್ಗೆ, ಗೋಣಿಚೀಲ ಹಾಸಿ ಹಳೇ ಸಾಮಾನು ಮಾರುತ್ತಿದ್ದರು. ಒಂದು ಕ್ಯಾಮೆರಾ ಎತ್ತಿಕೊಂಡೆ. ಒಳಗೆ ಅರ್ಧ ತೆಗೆದ ರೀಲ್ ಇನ್ನೂ ಇತ್ತು. ಯಾರದೋ ಮದುವೆಯೋ ನಾಮಕರಣವೋ ಅದರೊಳಗೆ ಕತ್ತಲಲ್ಲಿ ಕೂತಿರಬೇಕು. "ಎಲ್ಲಿಂದ ಬಂತು?" ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಲೆನ್ಸಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ, "ಬಿಲ್ ಇಲ್ಲ ಸಾರ್" ಎಂದ. ಮೂರೇ ಪದ. ಕದ್ದದ್ದೋ ಅಲ್ಲವೋ ಅವನೂ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಲಾರಿಯಿಂದ ಬಿದ್ದ ಮಾಲು ಅಂದರೆ ಇದೇ. ಅಂಥ ಮಾತನ್ನು ಹುಡುಕಬೇಕಾದ ಜಾಗ ನಿಘಂಟು ಅಲ್ಲ, ಗೋಣಿಚೀಲದ ಈಚೆ ಬದಿ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಮೂರನೇ ಅಧ್ಯಾಯದಲ್ಲಿ ನಿನ್ನ ಲಂಡನ್ ಕಳ್ಳ "ಐದು ವರ್ಷ ಮುದ್ದೆ ಮುರಿದು ಬಂದೆ" ಅನ್ನುತ್ತಾನೆ. ಇಂಗ್ಲಿಷಿನ ಪಾರಿಜ್ ಅದು, ಜೈಲಿನ ಬೆಳಗಿನ ಗಂಜಿಯಿಂದ ಬಂದ ಮಾತು. ನಮ್ಮಲ್ಲೂ ಜೈಲೂಟದಿಂದಲೇ ಮುದ್ದೆ ಬಂತು. ಅರ್ಥ ತೂಕಕ್ಕೆ ತೂಕ ಕೂತಿದೆ. ಆದರೆ ಮುದುಕ ಬಾಯಿ ತೆರೆದ ಕೂಡಲೇ ಮಂಡ್ಯದ ಬಸ್ ಸ್ಟ್ಯಾಂಡ್ ವಾಸನೆ ಬಂತು ಮಗೂ. ಕಂಬಿ ಎಣಿಸಿದೆ ಅಂದರೆ ನಡೆಯುತ್ತದೆ, ಕಂಬಿ ಎಲ್ಲ ದೇಶದಲ್ಲೂ ಇದೆ. ಕೃಷ್ಣನ ಜನ್ಮಸ್ಥಾನ ಅಂದರೆ ಕೆಟ್ಟಿತು. ನಾನಾದರೆ "ಐದು ವರ್ಷ ಸರ್ಕಾರಿ ಗಂಜಿ ಕುಡಿದೆ" ಎಂದು ಬರೆಯುತ್ತೇನೆ. ಗಂಜಿ ಅಲ್ಲಿಯದೂ ಹೌದು, ಇಲ್ಲಿಯದೂ ಹೌದು.

ಕಾಲದ್ದೂ ಜಾಗ್ರತೆ. ಅದೇ ಮುದುಕ ಪೊಲೀಸರಿಗೆ ಫೆಡ್ಸ್ ಅನ್ನುತ್ತಾನೆ. ಅದು ಈಗಿನ ಲಂಡನ್ ಹುಡುಗರ ಮಾತು. ಅಮೆರಿಕದಿಂದ ಬಂದದ್ದು, ಬ್ರಿಟನ್ನಿನಲ್ಲಿ ಫೆಡರಲ್ ಪೊಲೀಸರೇ ಇಲ್ಲ. 1976ರಲ್ಲಿ ಅವನು ಓಲ್ಡ್ ಬಿಲ್ ಅನ್ನುತ್ತಾನೆ. ಪೊಲೀಸರಿಗೆ ಸುದ್ದಿ ಮುಟ್ಟಿಸುವವನನ್ನು ಗ್ರಾಸ್ ಅನ್ನುತ್ತಾನೆ. ದಯವಿಟ್ಟು ಹುಲ್ಲು ಎನ್ನಬೇಡ. ಆ ದಶಕದಲ್ಲೇ ಬ್ಯಾಂಕ್ ದರೋಡೆಕೋರರು ತಮ್ಮ ಜೊತೆಗಾರರ ಹೆಸರನ್ನೆಲ್ಲ ಹೇಳಿ ತಾವು ಪಾರಾಗತೊಡಗಿದಾಗ ಸೂಪರ್‌ಗ್ರಾಸ್ ಎಂಬ ಪದ ಪೇಪರಿನಲ್ಲಿ ಓಡಾಡಿತು. ನಿನ್ನ ಮುದುಕನಿಗೆ ಕಳ್ಳತನಕ್ಕಿಂತ ಆ ಪದದ ಭಯ ಜಾಸ್ತಿ ಇರಬೇಕು. ಅದು ನಿನ್ನ ಕಾದಂಬರಿಯಲ್ಲಿ ಎಲ್ಲೂ ಇಲ್ಲ.

ಇನ್ನು ಕಣ್ಣಿಡುವವರ ಭಾಷೆ. "ಕೋಣೆಯಲ್ಲಿ ಹುಳ ಇದೆ" ಎಂದು ಬರೆದಿದ್ದೀಯ, ಬಗ್ ಎಂಬುದಕ್ಕೆ, ಅಡಗಿಸಿಟ್ಟ ಮೈಕಿಗೆ. ಓದುವವರು ತಿಗಣೆ ಅಂದುಕೊಳ್ಳುತ್ತಾರೆ. "ಗೋಡೆಗೆ ಕಿವಿ ಇಟ್ಟಿದ್ದಾರೆ" ಅಂದರೆ ಮುಗಿಯಿತು. ಟೇಲ್ ಎಂಬುದಕ್ಕೆ ಬಾಲ ಬಿದ್ದಿದ್ದಾರೆ ಅನ್ನಬೇಡ, ಬೆನ್ನು ಬಿದ್ದಿದ್ದಾರೆ ಅನ್ನು. ಮಫ್ತಿ ಬೇಕಾದರೆ ಧಾರಾಳವಾಗಿ ಬಳಸು, ಎರಡೂ ಭಾಷೆಯಲ್ಲಿ ಇದೆ. ಲೂಟಿಯೂ ಅಷ್ಟೇ. ಲೂಟ್ ಎಂಬುದನ್ನು ಇಂಗ್ಲಿಷರು ನಮ್ಮ ಕಡೆಯಿಂದಲೇ ಒಯ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಪದದ ಜೊತೆ ಮಾಲೂ ಹೋಯಿತು. ಟಿಪ್ಪುವಿನ ಮರದ ಹುಲಿ ಇವತ್ತಿಗೂ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ. ಅದು ಯಾವ ಲಾರಿಯಿಂದ ಬಿದ್ದದ್ದು ಅಂತ ಅಲ್ಲಿ ಯಾರನ್ನಾದರೂ ಕೇಳು.

ನನಗೆ ತುಂಬಾ ಇಷ್ಟವಾದ ಜೋಡಿ ಬೇರೆ ಇದೆ. ಇಂಗ್ಲಿಷಿನ ಈವ್ಸ್‌ಡ್ರಾಪ್. ಈವ್ಸ್ ಅಂದರೆ ಮನೆಯ ಸೂರು. ಸೂರಿನ ನೀರು ತೊಟ್ಟಿಕ್ಕುವ ಜಾಗದಲ್ಲಿ ನಿಂತು ಒಳಗಿನ ಮಾತು ಕೇಳುವವನು ಈವ್ಸ್‌ಡ್ರಾಪರ್. ಇಂಗ್ಲೆಂಡಿನಲ್ಲಿ ಅದು ಅಪರಾಧವಾಗಿತ್ತು, 1967ರಲ್ಲಿ ಕಾನೂನಿನಿಂದ ತೆಗೆದರು. ನಾವು ಏನು ಅನ್ನುತ್ತೇವೆ? ಕದ್ದಾಲಿಕೆ. ಕದ್ದು ಆಲಿಸುವುದು. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟಾಗ ಈ ಪದ ಹಳ್ಳಿಯ ಹೋಟೆಲಿಗೂ ಬಂತು. ಅವರ ಪದದಲ್ಲಿ ಮನೆ ಇದೆ, ಮಳೆ ಇದೆ. ನಮ್ಮ ಪದದಲ್ಲಿ ಕಳ್ಳತನ ಇದೆ. ಕೇಳಿದ ಮಾತೂ ನಮಗೆ ಕದ್ದ ಮಾಲೇ.

ಸ್ಲ್ಯಾಂಗನ್ನು ಓದುಗರಿಗೆ ಹೀಗೇ ಕೊಡಬೇಕು ಅಂತ ನನ್ನ ಹಟ. ವಿವರಿಸಬೇಡ, ಕದ್ದು ಕೇಳಿಸು. ನೀನು ಪ್ರತಿ ಪದದ ಹಿಂದೆಯೇ "ಅಂದರೆ" ಎಂದು ಅರ್ಥ ಹೇಳಿದ್ದೀಯ. ಒಂದು ಪುಟದಲ್ಲಿ ಹನ್ನೊಂದು "ಅಂದರೆ" ಎಣಿಸಿದೆ. (ಈ ಪತ್ರದಲ್ಲಿ ನಾನೂ ಅದನ್ನೇ ಮಾಡಿದ್ದೇನೆ, ಗೊತ್ತು. ಇದು ಪತ್ರ, ಕಾದಂಬರಿ ಅಲ್ಲ.) ಗುಟ್ಟಾಗಿ ಮಾತಾಡುವ ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಾರಾ?

ನಿನ್ನ ಹತ್ತಿರ ಒಬ್ಬ ಹುಡುಗ ಇದ್ದಾನೆ. ಹಾಸನದ ಕಡೆಯಿಂದ ಬಂದು ಈಸ್ಟ್ ಹ್ಯಾಮಿನ ಅಂಗಡಿಯಲ್ಲಿ ಮೂಟೆ ಎತ್ತುವವನು. ಅವನನ್ನು ಸುಮ್ನೆ ಮೂಲೆಯಲ್ಲಿ ನಿಲ್ಲಿಸಿದ್ದೀಯ. ಅವನಿಗೆ ಶಾಲೆಯ ಇಂಗ್ಲಿಷ್ ಮಾತ್ರ ಗೊತ್ತು. ಈ ಭಾಷೆ ಅರ್ಥವಾಗದವನು ಕಾದಂಬರಿಯಲ್ಲಿ ಅವನೊಬ್ಬನೇ, ನಿನ್ನ ಓದುಗರ ಹಾಗೆ. ಕಥೆ ಅವನ ಕಿವಿಯಿಂದ ಬರಲಿ. ಯಾರೋ ಟೀ ಲೀಫ್ ಎಂದು ಪಿಸುಗುಟ್ಟಿದರೆ ಅವನು ಶೆಲ್ಫಿನ ಚಹಾಪುಡಿ ಡಬ್ಬ ತೆಗೆದುಕೊಡಲಿ. ಅವರು ನಗಲಿ. ಓದುಗರಿಗೆ ಅಷ್ಟು ಸಾಕು.

ಹಾಗಾಗಿ ಎರಡನೇ ಅಧ್ಯಾಯದ ಆ ವಾಕ್ಯವನ್ನು ಹೊಡೆದುಹಾಕಬೇಡ. ಮುದುಕ ಫೆನ್ಸ್ ಅನ್ನಲಿ. ಹುಡುಗನ ಕಿವಿಗೆ ಬೇಲಿ ಎಂದೇ ಬೀಳಲಿ. ಕಳುವಾದ ಗಡಿಯಾರ ಅವನ ಧಣಿಯದು ತಾನೇ? ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವನು ಟಾರ್ಚ್ ಹಿಡಿದು ಮುದುಕನ ಮನೆಯ ಹಿಂದಿನ ಓಣಿಗೆ ಹೋಗಿ, ಬೇಲಿಯ ಬುಡದಲ್ಲಿ ಮೊಣಕಾಲೂರಿ, ಒಣಗಿದ ಎಲೆ ಕೆದಕಿ ಹುಡುಕಲಿ. ಆ ಬೀದಿಯ ಕೊನೆಗೆ ಮಫ್ತಿಯವನೊಬ್ಬ ಕಾರಿನಲ್ಲಿ ಕೂತಿರುತ್ತಾನೆ, ನೀನೇ ಕೂರಿಸಿದ್ದೀಯ.

ಆಗ ಸಸ್ ಕಾನೂನು ಇತ್ತು, ಸಸ್ಪೆಕ್ಟ್ ಎಂಬ ಪದದ ತುಂಡು. 1824ರ ಅಲೆಮಾರಿಗಳ ಕಾಯ್ದೆಯ ನಾಲ್ಕನೇ ಕಲಂ. ಅನುಮಾನ ಬಂದರೆ ಸಾಕು, ಎಳೆದುಕೊಂಡು ಹೋಗಬಹುದಿತ್ತು. ಅದು ಹೆಚ್ಚಾಗಿ ಬೀಳುತ್ತಿದ್ದದ್ದು ಕಪ್ಪು ಹುಡುಗರ ಮೇಲೆ. 1981ರಲ್ಲಿ ಬ್ರಿಕ್ಸ್‌ಟನ್ ಬಡಾವಣೆ ಗಲಭೆಯಲ್ಲಿ ಹೊತ್ತಿ ಉರಿದ ವರ್ಷವೇ ಅದನ್ನು ತೆಗೆದರು. ನನ್ನ ಮೊಮ್ಮಗ ಮೊಬೈಲ್ ಆಟದಲ್ಲಿ "ತಾತ ಸಸ್, ತಾತ ಸಸ್" ಎಂದು ಕೂಗುವಾಗ ನನಗೆ ಆ ಓಣಿಗಳೇ ನೆನಪಾಗುತ್ತವೆ, ಅವನಿಗೆ ಹೇಗೆ ಹೇಳಲಿ.

ಮಫ್ತಿಯವನು ಬಂದು ಹೆಗಲ ಮೇಲೆ ಕೈ ಇಡುತ್ತಾನೆ. ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳುತ್ತಾನೆ. ಹುಡುಗ ಸುಳ್ಳು ಹೇಳುವವನಲ್ಲ. ತನಗೆ ಗೊತ್ತಿರುವ ಇಂಗ್ಲಿಷಿನಲ್ಲಿ, ಕೇಳಿಸಿಕೊಂಡ ಪದವನ್ನೇ ಹಿಡಿದು, ಮುದುಕನ ಹೆಸರನ್ನೂ ಸೇರಿಸಿ ನಿಜ ಹೇಳಿಬಿಡುತ್ತಾನೆ. ಮಾರನೆಯ ದಿನ ಪಬ್ಬಿನಲ್ಲಿ ಅವನಿಗೆ ಏನು ಹೆಸರು ಬೀಳುತ್ತದೆ ಅಂತ ನಿನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಲ್ಲಿಂದ ಬರೆದು ಕಳಿಸು.

ಇಂತಿ,
ನಿನ್ನ ಹಕ್ಕಿ ಸಾಕಿದ ಮೇಷ್ಟ್ರು