ಆರೋಗ್ಯ ಸಚಿವರಿಗೆ ಅಂಕೋಲೆಯಿಂದ: ಮೆದುಳಿನ ರಕ್ತಸ್ರಾವಕ್ಕೆ 24 ಗಂಟೆಯ ಲೆಕ್ಕವಿದೆ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ಹೋದ ವರ್ಷ ಒಂದು ಸಂಜೆ ಅಂಗಳದಲ್ಲಿ ಹೂ ಕೊಯ್ಯುತ್ತಿದ್ದ ಅಮ್ಮ ತಲೆ ಹಿಡಿದುಕೊಂಡು ಕೂತುಬಿಟ್ಟರು. ವಾಂತಿಯಾಯಿತು, ಮಾತು ತೊದಲಿತು, ಬಲಗೈ ಜೋತುಬಿತ್ತು. ಮೊದಲು ಹೋದ ಆಸ್ಪತ್ರೆಯಲ್ಲಿ ರಾತ್ರಿ ಸ್ಕ್ಯಾನ್ ಇರಲಿಲ್ಲ. ಮರುದಿನ ಇನ್ನೊಂದು ಕಡೆ ಸ್ಕ್ಯಾನ್ ಆಯಿತು, ಮೆದುಳಿನಲ್ಲಿ ರಕ್ತಸ್ರಾವ ಅಂದರು. ಆದರೆ ಅಲ್ಲಿ ಮೆದುಳಿನ ಆಪರೇಷನ್ ಮಾಡುವ ನ್ಯೂರೋಸರ್ಜನ್ ಇರಲಿಲ್ಲ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಾಗ ಒಂದು ದಿನ ದಾಟಿತ್ತು. "ನಿನ್ನೆಯೇ ಬಂದಿದ್ದರೆ ಚಿಕ್ಕ ತೂತು ಮಾಡಿ ರಕ್ತ ತೆಗೆಯೋದನ್ನು ನೋಡಬಹುದಿತ್ತು" ಅಂದರು ಡಾಕ್ಟರು. ಅಮ್ಮ ಉಳಿದರು. ಈಗ ಎಡಗೈಯಲ್ಲೇ ಉಣ್ಣುತ್ತಾರೆ.

ಆ ಮಾತು ನನ್ನನ್ನು ಬಿಡಲಿಲ್ಲ. ಹುಡುಕಿ ಓದಿದೆ. ತಲೆಬುರುಡೆಯನ್ನು ಅಗಲವಾಗಿ ತೆರೆಯುವ ಬದಲು, ಬೆರಳಿನಷ್ಟು ದಪ್ಪದ ಕೊಳವೆಯನ್ನು ಮೆದುಳಿನ ಎಳೆಗಳ ನಡುವೆ ಮೆಲ್ಲನೆ ಇಳಿಸಿ, ಹೆಪ್ಪುಗಟ್ಟಿದ ರಕ್ತ ಹೀರಿ ತೆಗೆಯುತ್ತಾರೆ. ಅಮೆರಿಕದ 37 ಆಸ್ಪತ್ರೆಗಳಲ್ಲಿ 300 ರೋಗಿಗಳ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ರಕ್ತಸ್ರಾವವಾದ 24 ಗಂಟೆಯೊಳಗೆ ಹೀಗೆ ಮಾಡಿಸಿಕೊಂಡವರಲ್ಲಿ 30 ದಿನದೊಳಗೆ ತೀರಿಕೊಂಡವರು ನೂರಕ್ಕೆ 9. ಬರೀ ಔಷಧದ ಆರೈಕೆ ಪಡೆದವರಲ್ಲಿ 18. ಆದರೆ ಇದು ಎಲ್ಲರಿಗೂ ಅಲ್ಲ. ಮೆದುಳಿನ ಹೊರಭಾಗದ ಹತ್ತಿರ ರಕ್ತ ನಿಂತವರಿಗೆ ಗುಣ ಕಂಡಿದೆ, ಆಳದಲ್ಲಿ ಆದವರಿಗೆ ಕಂಡಿಲ್ಲ. ಯಾರಿಗೆ ಬೇಕು ಅಂತ ತಿಳಿಯೋದಕ್ಕೂ ಸ್ಕ್ಯಾನೇ ಬೇಕು, ಅಲ್ವಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೀದಿಗಿಳಿದದ್ದು ನಿಮಗೆ ಗೊತ್ತು. ಅದು ಬರಲೇಬೇಕು. ಅಲ್ಲಿಯವರೆಗೆ ಸುಮ್ನೆ ಕಾಯಬೇಕಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿ ದೂರದ ತಜ್ಞರಿಗೆ ಹೋಗುತ್ತದೆ. ಮೆದುಳಿಗೂ ಅದೇ ದಾರಿ ಮಾಡಿ. ತಾಲೂಕಿನಲ್ಲಿ ಹಗಲೂ ರಾತ್ರಿ ಸಿ.ಟಿ. ಸ್ಕ್ಯಾನ್ ನಡೆಯಲಿ, ಚಿತ್ರ ಕೂಡಲೇ ನ್ಯೂರೋಸರ್ಜನ್‌ಗೆ ತಲುಪಲಿ. ಅವರು ಹೇಳಿದ ಆಸ್ಪತ್ರೆಗೇ 108 ನೇರ ಹೋಗಲಿ, ಮೂರು ಕಡೆ ಇಳಿಸಿ ಹತ್ತಿಸುವುದು ಬೇಡ.

ಹೊರಡುವ ಮೊದಲೇ ಬಿಪಿ ಇಳಿಸುವ ಕೆಲಸವೂ ಶುರುವಾಗಲಿ. ಭಾರತವೂ ಸೇರಿ 10 ದೇಶಗಳಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಒಂದು ಗಂಟೆಯೊಳಗೆ ಮೇಲಿನ ಬಿಪಿಯನ್ನು 140ಕ್ಕಿಂತ ಕೆಳಗೆ ತರುವ ಗುರಿ ಇಟ್ಟಿತ್ತು. ಜೊತೆಗೆ ಸಕ್ಕರೆ, ಜ್ವರವನ್ನೂ ಹತೋಟಿಗೆ ತಂದಾಗ ಜಾಸ್ತಿ ಜನ ಚೇತರಿಸಿಕೊಂಡರು. ಇದಕ್ಕೆ ದೊಡ್ಡ ಯಂತ್ರ ಬೇಡ, ತರಬೇತಿ ಪಡೆದ ಡಾಕ್ಟರು, ನರ್ಸ್ ಸಾಕು.

ನಮ್ಮ ಕರಾವಳಿ ತಾಲೂಕುಗಳಿಂದಲೇ ಇದನ್ನು ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ಮಗಳು